ಕಾಡನ್ನು ಮರಳಿ ಕಟ್ಟುವ ಕೆಲಸ: ಇಲಾಖೆಯೇ, ಸಂಶೋಧನೆಯೇ, ಸಂಸ್ಥೆಯೇ, ಸ್ವಂತ ನರ್ಸರಿಯೇ?

ಸಸ್ಯಗಳ ಸಂರಕ್ಷಣೆಯನ್ನೇ ಬದುಕಿನ ಕೆಲಸವನ್ನಾಗಿ ಮಾಡಿಕೊಳ್ಳಬೇಕೆಂದು ಬಯಸುವವರು ಕರ್ನಾಟಕದಲ್ಲಿ ಈಗ ಹಿಂದಿಗಿಂತ ಹೆಚ್ಚಾಗಿ ಕಾಣಸಿಗುತ್ತಾರೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವವರು, ಸಸ್ಯಶಾಸ್ತ್ರದಲ್ಲಿ ಪದವಿ ಮುಗಿಸಿ ಮುಂದೇನೆಂದು ಯೋಚಿಸುತ್ತಿರುವವರು, ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಮಲೆನಾಡಿಗೆ ಮರಳಲು ಹವಣಿಸುತ್ತಿರುವವರು ಎಲ್ಲರೂ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಅರಣ್ಯ ಇಲಾಖೆ ಸೇರಬೇಕೇ, ಪಿಎಚ್.ಡಿ. ಮಾಡಬೇಕೇ, ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸ ಹಿಡಿಯಬೇಕೇ, ಇಲ್ಲವೇ ಸ್ವಂತ ನರ್ಸರಿ ಮಾಡಬೇಕೇ? 2021ರಿಂದ 2030ರವರೆಗಿನ ಅವಧಿಯನ್ನು ವಿಶ್ವಸಂಸ್ಥೆಯು ಪರಿಸರ ವ್ಯವಸ್ಥೆಗಳ ಪುನಶ್ಚೇತನದ ದಶಕವೆಂದು ಸಾರಿದೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವೂ ಈ ಕಡೆ ಹರಿಯುತ್ತಿದೆ. ಹಾಗಾಗಿ ಅವಕಾಶಗಳಿಲ್ಲ ಎನ್ನುವಂತಿಲ್ಲ. ಆದರೆ ಈ ನಾಲ್ಕು ದಾರಿಗಳು ಕೊಡುವುದೂ ಬೇರೆ, ಕೇಳುವುದೂ ಬೇರೆ.

ಯಾವುದರಿಂದ ಅಳೆಯಬೇಕು

ಸಂಬಳವನ್ನು ಎಲ್ಲರೂ ಮೊದಲು ನೋಡುತ್ತಾರೆ, ನೋಡಬೇಕಾದದ್ದೇ. ಅದರ ಜೊತೆಗೆ ಆ ಸಂಬಳ ಎಷ್ಟು ವರ್ಷ ಖಚಿತ ಎಂಬುದನ್ನೂ, ಆ ಕೆಲಸದ ಬಾಗಿಲು ತಲುಪಲು ಎಷ್ಟು ವರ್ಷದ ಓದು ಮತ್ತು ಮನೆಯ ಹಣ ಖರ್ಚಾಗುತ್ತದೆ ಎಂಬುದನ್ನೂ ನೋಡಬೇಕು. ಇವು ಯಾವ ವೃತ್ತಿಗೂ ಸಲ್ಲುವ ಅಳತೆಗಳು. ಕಾಡಿನ ಪುನಶ್ಚೇತನಕ್ಕೆ ಮಾತ್ರ ಸಲ್ಲುವ ಅಳತೆಗಳು ಇನ್ನೂ ಮೂರಿವೆ.

ಮೊದಲನೆಯದು, ನೆಲದ ಮೇಲೆ ನಿರ್ಧಾರ ಯಾರದು ಎಂಬುದು. ಯಾವ ಜಾತಿಯ ಗಿಡ ಬೇಕು, ಎಲ್ಲಿ ನೆಡಬೇಕು, ಎಲ್ಲಿ ಏನೂ ನೆಡದೆ ಬೇಲಿ ಹಾಕಿ ಬಿಡಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರವಿಲ್ಲದವನ ಜ್ಞಾನ ಎಷ್ಟೋ ಸಲ ವರದಿಯಲ್ಲೇ ಉಳಿದುಬಿಡುತ್ತದೆ. ಎರಡನೆಯದು, ಒಂದೇ ಜಾಗದಲ್ಲಿ ಎಷ್ಟು ವರ್ಷ ಇರಬಹುದು ಎಂಬುದು. ನೆಟ್ಟ ಸಸಿಗೆ ಮೊದಲ ಮೂರು ವರ್ಷ ಕಳೆ ತೆಗೆಯಬೇಕು, ಬೆಂಕಿ ತಗುಲದಂತೆ ಕಾಯಬೇಕು, ಸತ್ತ ಕಡೆ ಮತ್ತೆ ನೆಡಬೇಕು. ಆ ತುಂಡು ನೆಲ ನಿಜಕ್ಕೂ ಕಾಡಿನತ್ತ ತಿರುಗಿದೆಯೇ ಎಂದು ತಿಳಿಯಲು ಹತ್ತು, ಇಪ್ಪತ್ತು ವರ್ಷ ಬೇಕು. ಮೂರನೆಯದು, ದಿನದ ಎಷ್ಟು ಹೊತ್ತು ನೀವು ಗಿಡಗಳ ನಡುವೆ ಇರುತ್ತೀರಿ, ಎಷ್ಟು ಹೊತ್ತು ಕಡತ ಮತ್ತು ಕಂಪ್ಯೂಟರಿನ ಮುಂದೆ ಇರುತ್ತೀರಿ ಎಂಬುದು.

ನನ್ನ ತಿಳಿವಳಿಕೆಯಲ್ಲಿ ಇಲ್ಲಿನ ಯಾವ ಕೆಲಸವೂ ನೆಲದ ಮೇಲಿನ ಅಧಿಕಾರ, ಆಳವಾದ ಅಧ್ಯಯನ ಮತ್ತು ಒಂದೇ ಜಾಗದಲ್ಲಿ ನಿಲ್ಲುವ ಕಾಲಾವಕಾಶ ಈ ಮೂರನ್ನೂ ಒಟ್ಟಿಗೆ ಕೊಡುವುದಿಲ್ಲ. ಯಾವುದನ್ನು ಬಿಟ್ಟುಕೊಟ್ಟರೆ ನಿಮ್ಮ ಮನಸ್ಸು ತಡೆದುಕೊಳ್ಳುತ್ತದೆ ಎಂಬುದರ ಮೇಲೆ ಆಯ್ಕೆ ನಿಂತಿದೆ.

ಮುಂದೆ ಹೋಗುವ ಮುನ್ನ ಇನ್ನೊಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪುನಶ್ಚೇತನವೆಂದರೆ ಗಿಡ ನೆಡುವುದಷ್ಟೇ ಎಂಬ ಕಲ್ಪನೆಯಿಂದ ಬಹಳ ಹಾನಿಯಾಗಿದೆ. ಕುದುರೆಮುಖ, ಬಾಬಾಬುಡನ್‌ಗಿರಿ ಕಡೆಯ ಶೋಲಾ ಹುಲ್ಲುಗಾವಲುಗಳಲ್ಲಿ, ಅಂದರೆ ಕಣಿವೆಗಳಲ್ಲಷ್ಟೇ ಕಾಡಿದ್ದು ಉಳಿದೆಡೆ ಹುಲ್ಲೇ ಇರುವ ಬೆಟ್ಟಗಳಲ್ಲಿ, ಮರವಿಲ್ಲದಿರುವುದು ಕೊರತೆಯಲ್ಲ, ಅದು ಆ ನೆಲದ ಸಹಜ ಸ್ಥಿತಿ. ಅಲ್ಲಿ ಮರ ನೆಟ್ಟರೆ ಹುಲ್ಲನ್ನೇ ನಂಬಿದ ಸಸ್ಯಗಳೂ ಪ್ರಾಣಿಗಳೂ ನೆಲೆ ಕಳೆದುಕೊಳ್ಳುತ್ತವೆ. ಆದ್ದರಿಂದ ನೆಟ್ಟ ಸಸಿಗಳ ಸಂಖ್ಯೆಯನ್ನೇ ಸಾಧನೆಯೆಂದು ಹೇಳಿಕೊಳ್ಳುವ ಕೆಲಸವನ್ನು, ಅದು ಯಾರದೇ ಆಗಿರಲಿ, ಸಂಶಯದಿಂದ ನೋಡುವುದು ಒಳ್ಳೆಯದು.

ಅರಣ್ಯ ಇಲಾಖೆ

ರಾಜ್ಯದ ಕಾಡಿನ ಬಹುಪಾಲು ಇಲಾಖೆಯ ಆಡಳಿತದಲ್ಲಿದೆ. ನೆಲದ ಮೇಲಿನ ಅಧಿಕಾರವನ್ನೇ ಮುಖ್ಯವೆಂದು ಭಾವಿಸುವವರಿಗೆ ಇದಕ್ಕೆ ಸಮನಾದ ದಾರಿ ಬೇರೊಂದಿಲ್ಲ. ಸಂಶೋಧಕನಾಗಲಿ ಸಂಸ್ಥೆಯಾಗಲಿ ಮೀಸಲು ಅರಣ್ಯದೊಳಗೆ, ಹೊರದೇಶದಿಂದ ಬಂದು ಕಾಡಿನಲ್ಲಿ ಹಬ್ಬಿರುವ ಲಂಟಾನದ ಒಂದು ಪೊದೆ ಕೀಳಬೇಕಾದರೂ ಇಲಾಖೆಯ ಅನುಮತಿ ಬೇಕು.

ಒಳಹೋಗುವ ಬಾಗಿಲುಗಳು ಹಲವು. ಭಾರತೀಯ ಅರಣ್ಯ ಸೇವೆಗೆ ಕೇಂದ್ರ ಲೋಕಸೇವಾ ಆಯೋಗ ಪರೀಕ್ಷೆ ನಡೆಸುತ್ತದೆ. 2013ರಿಂದ ಇದರ ಪೂರ್ವಭಾವಿ ಪರೀಕ್ಷೆ ನಾಗರಿಕ ಸೇವೆಗಳದ್ದರ ಜೊತೆಗೇ ನಡೆಯುತ್ತಿದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನದಂತಹ ನಿಗದಿತ ವಿಷಯಗಳಲ್ಲಿ ಒಂದನ್ನಾದರೂ ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಸಾಮಾನ್ಯ ವರ್ಗಕ್ಕೆ ವಯೋಮಿತಿ 21ರಿಂದ 32. ನಾಲ್ಕು ತಾಸಿನೊಳಗೆ ಪುರುಷರು 25 ಕಿಲೋಮೀಟರ್, ಮಹಿಳೆಯರು 14 ಕಿಲೋಮೀಟರ್ ನಡೆಯುವ ಪರೀಕ್ಷೆಯೂ ಇದೆ. ಆಯ್ಕೆಯಾದವರಿಗೆ ತರಬೇತಿ ಡೆಹ್ರಾಡೂನಿನಲ್ಲಿ, ಆರಂಭದ ಮೂಲವೇತನ 56,100 ರೂಪಾಯಿ. ಆದರೆ ಕರ್ನಾಟಕದವರಿಗೆ ಕರ್ನಾಟಕದ ಕೇಡರ್, ಅಂದರೆ ಇಲ್ಲೇ ಸೇವೆ ಮಾಡುವ ಅವಕಾಶ, ಸಿಗುತ್ತದೆಂಬ ಖಾತ್ರಿಯಿಲ್ಲ. ಪಶ್ಚಿಮ ಘಟ್ಟದ ಮರಗಳನ್ನು ಪ್ರೀತಿಸಿ ಓದಿದವರು ಮಧ್ಯಪ್ರದೇಶದ ಸಾಗುವಾನಿ ಕಾಡಿನಲ್ಲಿ ಸೇವೆ ಮಾಡಬೇಕಾಗಿ ಬರಬಹುದು.

ಆದ್ದರಿಂದ ಗಿಡಗಳ ಕೆಲಸವೇ ಮುಖ್ಯವೆನ್ನುವವರು ವಲಯ ಅರಣ್ಯಾಧಿಕಾರಿ ಹುದ್ದೆಯನ್ನು ಗುರಿಯಾಗಿ ಇಟ್ಟುಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಇದು ರಾಜ್ಯದ ನೇಮಕಾತಿ, ಆದ್ದರಿಂದ ಕನ್ನಡ ನಾಡಿನಲ್ಲೇ ಇರಬಹುದು. ಅರಣ್ಯಶಾಸ್ತ್ರ ಪದವೀಧರರಿಗೆ ಇದರಲ್ಲಿ ಪ್ರತ್ಯೇಕ ಪಾಲೂ ಇದೆ. ವಲಯದ ನರ್ಸರಿಯಲ್ಲಿ ಯಾವ ಬೀಜ ಬಿತ್ತಬೇಕು, ಯಾವ ನೆಡುತೋಪಿನಲ್ಲಿ ಏನು ಬೆರೆಸಬೇಕು ಎಂಬ ದಿನನಿತ್ಯದ ತೀರ್ಮಾನಗಳು ಬಹಳಷ್ಟು ಈ ಮಟ್ಟದಲ್ಲೇ ಆಗುತ್ತವೆ. ಮಲೆನಾಡಿನ ಬ್ಯಾಣಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ದಶಕಗಟ್ಟಲೆ ಅಕೇಶಿಯಾ ನೆಟ್ಟ ಕೆಟ್ಟ ಫಲ ಕಣ್ಣಮುಂದೆ ಇದೆ. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಹಳೆಯ ಏಕಜಾತಿ ನೆಡುತೋಪುಗಳನ್ನು ನಿಧಾನವಾಗಿ ಸ್ಥಳೀಯ ಕಾಡಾಗಿ ಬದಲಿಸುವುದು ಮುಂದಿನ ಎರಡು ಮೂರು ದಶಕಗಳ ದೊಡ್ಡ ಕೆಲಸ, ಅದಕ್ಕೆ ಗಿಡ ಬಲ್ಲ ವಲಯಾಧಿಕಾರಿಗಳು ಬೇಕು.

ಪಿಯುಸಿ ಮುಗಿಸಿದವರಿಗೆ ಗಸ್ತು ಅರಣ್ಯಪಾಲಕ ಹುದ್ದೆ ಇದೆ. ಕಾಡಿನೊಳಗೆ ಅತಿ ಹೆಚ್ಚು ಹೊತ್ತು ಕಳೆಯುವವರು ಇವರೇ ಮತ್ತು ಇವರ ಕೆಳಗಿನ ವಾಚರ್‌ಗಳು. ನಿರ್ಧಾರದ ಅಧಿಕಾರ ಕಡಿಮೆ, ದೈಹಿಕ ಶ್ರಮ ಹೆಚ್ಚು. ಆದರೆ ತನ್ನ ಗಸ್ತಿನಲ್ಲಿ ಬೀಜಕ್ಕೆ ಒದಗುವ ಪ್ರತಿಯೊಂದು ತಾಯಿಮರವನ್ನು ಗುರುತಿಟ್ಟುಕೊಂಡ ಅರಣ್ಯಪಾಲಕ ಒಂದು ವಲಯದ ನರ್ಸರಿಯ ಗುಣಮಟ್ಟವನ್ನೇ ಬದಲಿಸಬಲ್ಲ.

ಇಲಾಖೆಯಲ್ಲಿ ಬಿಟ್ಟುಕೊಡಬೇಕಾದದ್ದು ಕಾಲ. ಎರಡು ಮೂರು ವರ್ಷಕ್ಕೆ ವರ್ಗಾವಣೆ ಬರುತ್ತದೆ, ನೀವು ಆರಂಭಿಸಿದ್ದನ್ನು ಮುಂದೆ ಬಂದವರು ನಡೆಸಿಕೊಂಡು ಹೋಗಬಹುದು, ಹೋಗದೆಯೂ ಇರಬಹುದು. ಬೇಸಿಗೆಯ ಬೆಂಕಿ, ಒತ್ತುವರಿ ಪ್ರಕರಣ, ಊರಿಗಿಳಿದ ಆನೆ, ನ್ಯಾಯಾಲಯದ ದಿನಾಂಕ ಇವೆಲ್ಲದರ ನಡುವೆ ಸಸ್ಯಗಳಿಗೆ ಸಿಗುವ ಹೊತ್ತು ಚಿಕ್ಕದು. ಇದನ್ನು ತಿಳಿದು ಹೋಗುವವರು ಇಲಾಖೆಯ ಸಂಶೋಧನಾ ವಿಭಾಗದ ಹುದ್ದೆಗಳ ಮೇಲೆ ಕಣ್ಣಿಟ್ಟಿರಬೇಕು. ಹೆಚ್ಚು ಜನ ಬಯಸದ ಆ ಹುದ್ದೆಗಳೇ ಸಸ್ಯಾಸಕ್ತರಿಗೆ ಹೊಂದುವಂಥವು.

ಸಂಶೋಧನೆ

ಬೆಂಗಳೂರು ಈ ದಾರಿಗೆ ದೇಶದಲ್ಲೇ ಅನುಕೂಲದ ಊರುಗಳಲ್ಲಿ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವನ್ನು ಮಾಧವ ಗಾಡ್ಗೀಳ್ 1983ರಲ್ಲಿ ಕಟ್ಟಿದರು. ಕಮಲ್‌ಜಿತ್ ಬಾವಾ 1996ರಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು, ಅಲ್ಲಿ ಸಂರಕ್ಷಣಾ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಬಹುದು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಸ್ನಾತಕೋತ್ತರ ಪದವಿ ಇದೆ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಶ್ರೀಗಂಧದಂತಹ ಮರಗಳ ಮೇಲೆ ಕೆಲಸ ಮಾಡುತ್ತದೆ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳು ಕಾಡಿನ ಮಗ್ಗುಲಲ್ಲೇ ಇವೆ.

ಅಧ್ಯಾಪನ ಮತ್ತು ಸಂಶೋಧನೆಗೆ ದೇಶದ ಮಟ್ಟದಲ್ಲಿ ನಡೆಯುವ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆನಂತರ 42,000 ರೂಪಾಯಿ ಫೆಲೋಶಿಪ್ ದೊರೆಯುತ್ತದೆ. ಇದಿಲ್ಲದೆ ಪಿಎಚ್.ಡಿ.ಗೆ ಸೇರುವ ಮುನ್ನ ಎರಡು ಸಲ ಯೋಚಿಸಬೇಕು. ಐದಾರು ವರ್ಷದ ಓದು ಮುಗಿಯುವ ಹೊತ್ತಿಗೆ ಮೂವತ್ತು ದಾಟಿರುತ್ತದೆ, ಕಾಯಂ ಹುದ್ದೆಗಳು ಬೆರಳೆಣಿಕೆಯಷ್ಟಿರುತ್ತವೆ, ಮನೆಯಲ್ಲಿ ಸಾಲವೋ ತಂಗಿಯ ಮದುವೆಯೋ ಕಾದಿರುತ್ತದೆ.

ಹೀಗಿದ್ದರೂ ಈ ದಾರಿ ಏಕೆ ಬೇಕು ಎಂದು ತಿಳಿಯಲು ಉತ್ತರ ಕನ್ನಡ ಜಿಲ್ಲೆಯ ರಾಮಪತ್ರೆ ಜಡ್ಡಿಗಳನ್ನು, ಅಂದರೆ ರಾಮಪತ್ರೆ ಮರಗಳ ಜೌಗು ಕಾಡುಗಳನ್ನು, ನೋಡಬೇಕು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂತಹ ಕಡೆ, ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ, ಮಣ್ಣಿನಿಂದ ಮೇಲೆದ್ದು ಮತ್ತೆ ಬಾಗಿ ಇಳಿಯುವ ಮಂಡಿಬೇರುಗಳ ನಡುವೆ ಈ ಮರಗಳು ನಿಂತಿವೆ. ರಾಮಪತ್ರೆಯ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಒಯ್ಯಲು ಮಂಗಟ್ಟೆ ಹಕ್ಕಿಯಂತಹ ದೊಡ್ಡ ಬಾಯಿಯ ಹಕ್ಕಿ ಬೇಕು. ಒಣಗಿಸಿಟ್ಟರೆ ಬೀಜ ಸಾಯುತ್ತದೆ. ಒಂದು ಜಡ್ಡಿಯಲ್ಲಿ ಉಳಿದಿರುವ ಹತ್ತಿಪ್ಪತ್ತು ಮರಗಳಲ್ಲಿ ಹೆಣ್ಣು ಮರಗಳೆಷ್ಟು, ಒಂದೇ ತಾಯಿಮರದ ಬೀಜದಿಂದ ಜಡ್ಡಿಯನ್ನೆಲ್ಲ ತುಂಬಿದರೆ ಮುಂದಿನ ಪೀಳಿಗೆಗೆ ಏನಾಗುತ್ತದೆ, ಅಡಿಕೆ ತೋಟಕ್ಕೆ ನೀರು ತಿರುಗಿಸಿದ ಮೇಲೆ ಈ ಜಾಗ ಇನ್ನೂ ಜಡ್ಡಿಯಾಗಿ ಉಳಿಯಬಲ್ಲದೇ ಎಂಬ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಎಷ್ಟು ಸಸಿ ನೆಟ್ಟರೂ ಪ್ರಯೋಜನವಿಲ್ಲ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ವಿಜ್ಞಾನಕ್ಕೆ ಪರಿಚಯವಾದದ್ದೇ 2000ದ ಸುಮಾರಿಗೆ, ಅದೂ ಈ ಜಡ್ಡಿಗಳಿಂದಲೇ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಊರಿನವರ ಜೊತೆ ಸೇರಿ ಅದರ ಸಸಿ ಬೆಳೆಸಿ ಜಡ್ಡಿಗಳಿಗೆ ಮರಳಿಸುವ ಕೆಲಸ ಮಾಡಿದ್ದಾರೆ.

ಸಂಶೋಧನೆಯಲ್ಲಿ ಬಿಟ್ಟುಕೊಡಬೇಕಾದದ್ದು ಅಧಿಕಾರ, ಬಹಳ ಸಲ ಕಾಲವೂ. ತಮಿಳುನಾಡಿನ ಮುದುಮಲೈಯಲ್ಲಿ 1988ರಿಂದ 50 ಹೆಕ್ಟೇರ್ ಕಾಡಿನಲ್ಲಿ ಒಂದು ಸೆಂಟಿಮೀಟರ್ ದಪ್ಪದ ಕಾಂಡಗಳನ್ನೂ ಬಿಡದೆ ಗುರುತಿಸಿ ಅಳೆಯುತ್ತಿರುವಂತಹ ದೀರ್ಘ ಅಧ್ಯಯನಗಳು ಅಪರೂಪ. ಹೆಚ್ಚಿನ ಯೋಜನೆಗಳು ಮೂರು ವರ್ಷಕ್ಕೆ ಮುಗಿಯುತ್ತವೆ. ಇಂಗ್ಲಿಷಿನಲ್ಲಿ ಬರೆಯುವ ಮತ್ತು ಸಂಖ್ಯಾಶಾಸ್ತ್ರವನ್ನು ಬಳಸುವ ಅಭ್ಯಾಸ ಮಾಡಿಕೊಳ್ಳಲೇಬೇಕು. ಹಾಗೆಂದು ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂಜರಿಯಬೇಕಾಗಿಲ್ಲ. ಹೂವಿಲ್ಲದ ಕಾಲದಲ್ಲಿ ಎಲೆ, ತೊಗಟೆ, ಕಚ್ಚು ಹಾಕಿದಾಗ ಒಸರುವ ಹಾಲು ನೋಡಿ ಮರ ಗುರುತಿಸುವವರು ವಿಶ್ವವಿದ್ಯಾಲಯಗಳಲ್ಲಿ ಕಡಿಮೆಯಾಗುತ್ತಿದ್ದಾರೆ, ಮಲೆನಾಡಿನ ಮನೆಗಳಲ್ಲಿ ಇನ್ನೂ ಇದ್ದಾರೆ.

ಸ್ವಯಂಸೇವಾ ಸಂಸ್ಥೆಗಳು

ಒಂದೇ ನೆಲದ ಜೊತೆ ದೀರ್ಘಕಾಲ ಇರುವ ಅವಕಾಶ ಅತಿ ಹೆಚ್ಚಾಗಿ ಸಿಗುವುದು ಇಲ್ಲಿ. ವಯನಾಡಿನ ಪೆರಿಯದಲ್ಲಿ ವುಲ್ಫ್‌ಗ್ಯಾಂಗ್ ತೊಯರ್‌ಕಾಫ್ 1981ರಲ್ಲಿ ಆರಂಭಿಸಿದ ಗುರುಕುಲ ಸಸ್ಯಧಾಮ ಪಶ್ಚಿಮ ಘಟ್ಟದ ಅಪಾಯದಂಚಿನ ಸಸ್ಯಗಳನ್ನು ಇಂದಿಗೂ ಸಾಕುತ್ತಿದೆ. ಅಲ್ಲಿ ಆ ಕೆಲಸವನ್ನು ಹೊತ್ತವರಲ್ಲಿ ಊರಿನ ಹೆಣ್ಣುಮಕ್ಕಳೇ ಹೆಚ್ಚು. ತಮಿಳುನಾಡಿನ ಆನೈಮಲೈ ಬೆಟ್ಟಗಳ ವಾಲ್‌ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಚಹಾ ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳನ್ನು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಸರಿಪಡಿಸುತ್ತಿದೆ. ಸುಮ್ಮನೆ ಬಿಟ್ಟ ತುಣುಕುಗಳಿಗಿಂತ ಸ್ಥಳೀಯ ಜಾತಿಗಳನ್ನು ಬೆರೆಸಿ ನೆಟ್ಟ ತುಣುಕುಗಳು ಚೆನ್ನಾಗಿ ಚೇತರಿಸಿಕೊಂಡಿವೆಯೆಂದು ಅವರ ಅಧ್ಯಯನಗಳು ತೋರಿಸಿವೆ. ಬಂಡೀಪುರದ ಅಂಚಿನಲ್ಲಿ ಜಂಗಲ್‌ಸ್ಕೇಪ್ಸ್ ಸಂಸ್ಥೆ ಸ್ಥಳೀಯ ಸಮುದಾಯಗಳೊಂದಿಗೆ ಲಂಟಾನ ತೆಗೆದು ಒಣಕಾಡನ್ನು ಮರಳಿ ತರುವ ಕೆಲಸದಲ್ಲಿದೆ.

ಈ ಕೆಲಸ ದಿನನಿತ್ಯ ಹೇಗಿರುತ್ತದೆ ಎಂಬುದನ್ನು ತಿಳಿದು ಬರಬೇಕು. ಮುಂಗಾರು ಹಿಡಿಯುವ ಹೊತ್ತಿಗೆ ಮಳೆಕಾಡಿನ ಧೂಪದ ಮರದ ಕಾಯಿ ಉದುರುತ್ತದೆ. ಸಿಪ್ಪೆ ಮೂರು ಸೀಳಾಗಿ ಬಿರಿದು, ಬೀಜ ಬಿದ್ದಲ್ಲೇ ಮೊಳಕೆಯೊಡೆಯಲು ತೊಡಗುತ್ತದೆ. ಅದನ್ನು ಡಬ್ಬಿಯಲ್ಲಿಟ್ಟು ಬಿಡುವಾದಾಗ ಬಿತ್ತುತ್ತೇನೆಂದರೆ ಆಗದು. ಜಿಗಣೆ ಹತ್ತಿದ ಕಾಲಲ್ಲಿ ಆರಿಸಿ ತಂದ ಬೀಜವನ್ನು ಅಂದೇ ಅಥವಾ ಮರುದಿನವೇ ಮಣ್ಣಿಗೆ ಹಾಕಬೇಕು, ಮೊಳಕೆಯ ಬೇರು ಮುರಿಯದಂತೆ ಚೀಲಕ್ಕೆ ಇಳಿಸಬೇಕು, ಯಾವ ಮರದಿಂದ ಯಾವ ದಿನ ತಂದದ್ದೆಂದು ಬರೆದಿಡಬೇಕು. ಒಣಕಾಡಿನಲ್ಲಿ ಕೆಲಸವೇ ಬೇರೆ. ದೆಹಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಪ್ರೊ. ಸಿ. ಆರ್. ಬಾಬು ಅವರ ತಂಡ ರೂಪಿಸಿದ ವಿಧಾನದಲ್ಲಿ ಲಂಟಾನದ ಬುಡವನ್ನು ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ಕಡಿದು, ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಲು ಬಿಡುತ್ತಾರೆ. ಮಣ್ಣಿನ ಮೇಲೆ ಕತ್ತರಿಸಿದರೆ ಅದು ಮತ್ತೆ ಚಿಗುರುತ್ತದೆ. ಕಡಿದ ಮೇಲೂ ಹಕ್ಕಿಗಳು ಬೀಜ ತಂದು ಹಾಕುವುದರಿಂದ ಕೆಲವು ವರ್ಷ ಪ್ರತಿ ಮಳೆಗಾಲವೂ ಹೋಗಿ ಎಳೆಯ ಗಿಡ ಕೀಳಬೇಕು.

ಇಲ್ಲಿ ಕೊರತೆ ಹಣದ್ದು ಮತ್ತು ಭದ್ರತೆಯದ್ದು. ಹೆಚ್ಚಿನ ಹುದ್ದೆಗಳು ಯೋಜನೆಯೊಂದಿಗೆ ಹುಟ್ಟಿ ಯೋಜನೆಯೊಂದಿಗೆ ಮುಗಿಯುತ್ತವೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು, ಪರಿಸರ ಸಮತೋಲನವೂ ಅದರಲ್ಲಿ ಸೇರಿದೆ. ಆದರೆ ಕೊಡುವವರು ಮಾರ್ಚ್ ಒಳಗೆ ಲೆಕ್ಕ ಕೇಳುತ್ತಾರೆ, ಕಾಡಿಗೆ ಆ ವೇಗವಿಲ್ಲ. ಒಳ್ಳೆಯ ಸಂಸ್ಥೆ ಈ ಒತ್ತಡವನ್ನು ತಾನು ತಡೆದುಕೊಂಡು ನರ್ಸರಿಯವರನ್ನು ಕಾಪಾಡುತ್ತದೆ, ಉಳಿದವು ಅದನ್ನು ನೇರವಾಗಿ ಅವರ ಮೇಲೆ ಇಳಿಸುತ್ತವೆ. ಮಹಿಳೆಯರು ಸೇರುವ ಮುನ್ನ ಕ್ಷೇತ್ರ ಶಿಬಿರದ ವಸತಿ, ಶೌಚಾಲಯ, ರಾತ್ರಿಯ ಓಡಾಟದ ವ್ಯವಸ್ಥೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಶಿವಮೊಗ್ಗ, ಉತ್ತರ ಕನ್ನಡದ ಕಡೆ ಹೋಗುವ ಯಾರೇ ಆದರೂ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆ ಸಂಸ್ಥೆ ಏನು ಎಚ್ಚರಿಕೆ ವಹಿಸುತ್ತದೆ, ಆರೋಗ್ಯ ವಿಮೆ ಇದೆಯೇ ಎಂದು ವಿಚಾರಿಸಬೇಕು.

ಸ್ವಂತ ನರ್ಸರಿ, ಸಲಹೆಗಾರಿಕೆ, ಬೋಧನೆ

ಸ್ಥಳೀಯ ಕಾಡುಮರಗಳ ನರ್ಸರಿಗೆ ಕಾಫಿ ತೋಟದವರಿಂದ, ಹೋಮ್‌ಸ್ಟೇಗಳಿಂದ, ಪುನಶ್ಚೇತನ ಯೋಜನೆಗಳಿಂದ ಬೇಡಿಕೆ ಇದೆ. ಆದರೆ ಅದು ಒಂದು ವರ್ಷ ಬಂದು ಮರುವರ್ಷ ಕಾಣೆಯಾಗಬಹುದು, ಮಾರಾಟವಾಗದ ಸಸಿಯನ್ನು ಎರಡು ವರ್ಷ ಸಾಕುವ ಖರ್ಚು ನಿಮ್ಮದೇ. ಮೀಸಲು ಅರಣ್ಯದಿಂದ ಬೀಜ ತರಲು ಅನುಮತಿ ಬೇಕು. ಹಾಗಾಗಿ ಸ್ವಂತ ಜಮೀನು, ಸುತ್ತಲಿನ ತೋಟಗಳಲ್ಲಿ ತಾಯಿಮರಗಳು, ಮೊದಲ ಮೂರು ವರ್ಷ ಮನೆ ನಡೆಸಲು ಅಡಿಕೆಯೋ ಮೆಣಸೋ ಇನ್ನಾವುದೋ ವರಮಾನ ಇರುವವರಿಗೆ ಮಾತ್ರ ಇದನ್ನು ಸೂಚಿಸುತ್ತೇನೆ. ಅಂಥವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ, ಏಕೆಂದರೆ ವರ್ಗಾವಣೆಯಾಗಲಿ ಯೋಜನೆಯ ಗಡುವಾಗಲಿ ಇಲ್ಲಿ ಇಲ್ಲ.

ಪರಿಸರ ಪರಿಣಾಮ ವರದಿಗಳಿಗೆ ಸಸ್ಯ ಸಮೀಕ್ಷೆ ಮಾಡುವ ಸಲಹಾ ಕಂಪನಿಗಳು ಸಂಸ್ಥೆಗಳಿಗಿಂತ ಹೆಚ್ಚು ಹಣ ಕೊಡುತ್ತವೆ. ವರದಿಗೆ ಹಣ ಕೊಡುವವನೇ ಯೋಜನೆಯ ಮಾಲೀಕ ಎಂಬುದನ್ನು ಮರೆಯದೆ, ಕಂಡದ್ದನ್ನು ಕಂಡಂತೆ ಬರೆಯುವ ಗಟ್ಟಿತನವಿದ್ದವರು ಮಾತ್ರ ಹೋಗಲಿ.

ಕಾಲೇಜು ಅಧ್ಯಾಪನವನ್ನು ಈ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ, ಸೇರಿಸಬೇಕೆಂದು ನನಗನಿಸುತ್ತದೆ. ನೆಟ್ ಅಥವಾ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಮುಗಿಸಿ ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರಿಗೆ ಸಂಬಳದ ಭದ್ರತೆ ಇದೆ, ವಿದ್ಯಾರ್ಥಿಗಳಿದ್ದಾರೆ, 2002ರ ಜೀವವೈವಿಧ್ಯ ಕಾಯ್ದೆಯಂತೆ ರಚನೆಯಾದ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಕೈಗೆಟಕುವಷ್ಟು ಹತ್ತಿರವಿದೆ. ಅತಿಥಿ ಉಪನ್ಯಾಸಕರ ಸ್ಥಿತಿ ಮಾತ್ರ ಹೀಗಿಲ್ಲ, ಅದನ್ನೇ ನಂಬಿ ವರ್ಷಗಟ್ಟಲೆ ಕಾಯುವುದು ಬೇಡ.

ಯಾರಿಗೆ ಯಾವುದು

ಪಿಯುಸಿಯಲ್ಲಿರುವವರಿಗೆ ನನ್ನ ಮೊದಲ ಸಲಹೆ ಶಿರಸಿ ಅಥವಾ ಪೊನ್ನಂಪೇಟೆಯಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಅರಣ್ಯಶಾಸ್ತ್ರ. ಸಿಇಟಿ ಮೂಲಕ ಪ್ರವೇಶ, ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಇಲಾಖೆ, ಸಂಶೋಧನೆ, ಸಂಸ್ಥೆ ಮೂರೂ ಬಾಗಿಲುಗಳನ್ನು ತೆರೆದಿಡುವ ಪದವಿ ಇದು.

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಗೆ ಹಣ ಕಳುಹಿಸಬೇಕಾದವರು ಸಂಬಳವಿಲ್ಲದ ಇಂಟರ್ನ್‌ಶಿಪ್‌ಗಳಲ್ಲಿ ವರ್ಷ ಕಳೆಯಬಾರದು. ಸಂಶೋಧನಾ ಯೋಜನೆಯೊಂದರಲ್ಲಿ ಪ್ರಾಜೆಕ್ಟ್ ಸಹಾಯಕರಾಗಿ ಸೇರಿ, ಅದರ ಜೊತೆಗೇ ನೆಟ್‌ಗೂ ವಲಯ ಅರಣ್ಯಾಧಿಕಾರಿ ಪರೀಕ್ಷೆಗೂ ಓದಿದರೆ ಮೂವತ್ತರೊಳಗೆ ಎರಡರಲ್ಲೊಂದು ಕೈಹಿಡಿಯುವ ಸಾಧ್ಯತೆ ಹೆಚ್ಚು.

ಮೂವತ್ತೈದು ದಾಟಿ ಕಂಪನಿ ಕೆಲಸದಿಂದ ಬರುವವರಿಗೆ ಸರ್ಕಾರಿ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಆದರೆ ನಕ್ಷೆ ತಯಾರಿಸುವುದು, ದತ್ತಾಂಶ ನಿರ್ವಹಣೆ, ಲೆಕ್ಕಪತ್ರ ಇವು ಸಂಸ್ಥೆಗಳಿಗೆ ಬೇಕಾದ ಕೌಶಲಗಳೇ. ಅವುಗಳಿಂದ ಒಳಗೆ ಬಂದು ಗಿಡಗಳನ್ನು ನಿಧಾನವಾಗಿ ಕಲಿಯಬಹುದು.

ಕಾಡಿನಂಚಿನಲ್ಲೇ ಹುಟ್ಟಿ ಬೆಳೆದವರು ತಮ್ಮ ತಿಳಿವಳಿಕೆಯನ್ನು ಕಡಿಮೆಯೆಂದು ಎಣಿಸಬಾರದು. ಹಿಂದೆ ಒಣಗಿದ ಎಲೆಗೆ ಹಗುರವಾಗಿ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಹಬ್ಬಿತೆಂದು ಸೋಲಿಗರು ಹೇಳುತ್ತ ಬಂದದ್ದನ್ನು ವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡದ್ದು ತಡವಾಗಿ. ಅರಣ್ಯಪಾಲಕ ಹುದ್ದೆ, ಸಂಸ್ಥೆಯ ಕ್ಷೇತ್ರ ಸಂಯೋಜಕ ಹುದ್ದೆ, ಊರಿನದೇ ನರ್ಸರಿ ಮೂರರಲ್ಲೂ ಇಂಥವರಿಗೆ ಹೊರಗಿನವರಿಗಿಂತ ಹೆಚ್ಚಿನ ಯೋಗ್ಯತೆ ಇದೆ, ಸಂಬಳ ಮಾತಾಡುವಾಗ ಅದನ್ನು ನೆನಪಿಟ್ಟುಕೊಳ್ಳಬೇಕು.

ಯಾವ ದಾರಿ ಹಿಡಿದರೂ ಒಪ್ಪಿಕೊಳ್ಳುವ ಮುನ್ನ ಮೇ ಕೊನೆಯಿಂದ ಆಗಸ್ಟ್‌ವರೆಗೆ ಒಂದು ಮಳೆಗಾಲವನ್ನು ಯಾವುದಾದರೂ ಕಾಡು ನರ್ಸರಿಯಲ್ಲಿ ದುಡಿದು ನೋಡಿ. ಸೇರಲಿರುವ ಸಂಸ್ಥೆಯವರನ್ನು ಐದು ವರ್ಷದ ಹಿಂದೆ ನೆಟ್ಟ ಜಾಗಕ್ಕೆ ಕರೆದೊಯ್ಯಲು ಕೇಳಿ. ಎಷ್ಟು ಸಸಿ ಬದುಕಿವೆ, ಯಾವ ಜಾತಿಗಳು, ಬೀಜ ಎಲ್ಲಿಯದು, ಈಗ ಕಳೆ ತೆಗೆಯುವ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳಿಗೆ ಅಲ್ಲೇ ನಿಂತು ಉತ್ತರ ಕೊಡಬಲ್ಲವರ ಜೊತೆ ಸಂಬಳ ಸ್ವಲ್ಪ ಕಡಿಮೆಯಿದ್ದರೂ ಕೆಲಸ ಮಾಡಬಹುದು.